ಆದಾಯ ಇಳಿದಿದೆ, ಸಾಲ ಹಾಗೇ ಇದೆ: ಯಾವ ದಾರಿ ನಿಮಗೆ ಸರಿ?

"ಮೊದಲು ಇಬ್ಬರ ಸಂಬಳ ಬರುತ್ತಿತ್ತು, ಈಗ ಒಬ್ಬರದೇ. ಮೂರು ಸಾಲ ನಡೀತಾ ಇದೆ. ಸ್ವಲ್ಪ ಉಳಿತಾಯ ಇದೆ, ಅದನ್ನು ತೆಗೆದು ಒಂದು ಸಾಲ ತೀರಿಸಿಬಿಡಲಾ? ಇಲ್ಲ, ಮೂರನ್ನೂ ಸೇರಿಸಿ ಒಂದೇ ಸಾಲ ಮಾಡಿಕೊಳ್ಳಲಾ? ಅಥವಾ ಕೆಲವು ತಿಂಗಳು ಕಂತು ಬೇಡ ಅಂತ ಕೇಳಿ ನೋಡಲಾ?"

ಹೀಗೆ ಕೇಳುವವರು ಬರೀ ಲೆಕ್ಕ ಕೇಳುತ್ತಿರುವುದಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ ಅನ್ನುವುದನ್ನೂ ಅದರೊಳಗೇ ಹೇಳುತ್ತಿರುತ್ತಾರೆ. ನಮ್ಮ ಮನೆಯಲ್ಲೂ ಎರಡು ವರ್ಷ ಹೀಗೇ ನಡೆಯಿತು. ಆಗ ಸಿಕ್ಕ ಸಲಹೆಗಳೆಲ್ಲ ಬಡ್ಡಿ ದರದಿಂದ ಶುರುವಾಗುತ್ತಿದ್ದವು. ಬಡ್ಡಿ ಮುಖ್ಯ, ನಿಜ. ಆದರೆ ಆದಾಯ ಇಳಿದ ಮನೆಗೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಪರಿಸ್ಥಿತಿ ಎಷ್ಟು ದಿನದ್ದು?

ಮುಂದೆ ಬರುವ ಮೊತ್ತಗಳನ್ನು ನಿಮ್ಮ ಊರಿನ ದುಡ್ಡಿನಲ್ಲೇ ಓದಿಕೊಳ್ಳಿ. ಎಲ್ಲಿದ್ದರೂ ಲೆಕ್ಕ ಒಂದೇ.

ಮೊದಲು ಅಳತೆಗೋಲು

ಯಾವ ದಾರಿ ಹಿಡಿದರೂ ಅದನ್ನು ನಾಲ್ಕು ಪ್ರಶ್ನೆಗಳಿಂದ ಅಳೆದು ನೋಡಿ.

ಒಂದು, ಕಾಲ. ಆರು ತಿಂಗಳಲ್ಲಿ ಕೆಲಸಕ್ಕೆ ಮರಳುವ ಬಾಣಂತಿಯ ಮನೆಗೂ, ನಿವೃತ್ತಿಯಾಗಿ ಆದಾಯ ಅರ್ಧಕ್ಕೆ ಇಳಿದ ಮನೆಗೂ ಒಂದೇ ಉಪಾಯ ಹೊಂದುವುದಿಲ್ಲ. ಮೊದಲನೆಯವರಿಗೆ ಬೇಕಿರುವುದು ಸಮಯ. ಎರಡನೆಯವರು ಸಾಲವನ್ನೇ ಚಿಕ್ಕದು ಮಾಡಬೇಕು. ಆದಾಯ ಇನ್ನು ಮರಳುವುದಿಲ್ಲ ಅಂತ ಗೊತ್ತಿದ್ದರೂ ತಾತ್ಕಾಲಿಕ ಅಂತ ನಂಬಿಕೊಂಡು ದಿನ ದೂಡುವುದಿದೆಯಲ್ಲ, ನಾನು ಕಂಡ ದೊಡ್ಡ ಪೆಟ್ಟುಗಳೆಲ್ಲ ಅಲ್ಲೇ ಬಿದ್ದಿವೆ.

ಎರಡು, ಕಂತು ತಪ್ಪಿದರೆ ಏನು ಕೈಬಿಡುತ್ತದೆ? ಮನೆ ಅಡವಿಟ್ಟ ಸಾಲದ ಕಂತು ತಪ್ಪುತ್ತಾ ಹೋದರೆ ಮನೆಯೇ ಹೋಗಬಹುದು. ದುಡಿಮೆಗೆ ಬೇಕಾದ ವಾಹನದ ಸಾಲ ತಪ್ಪಿದರೆ ದುಡಿಮೆಯೇ ನಿಲ್ಲುತ್ತದೆ. ಇನ್ನೊಬ್ಬರು ಜಾಮೀನು ನಿಂತಿದ್ದರೆ ಪೆಟ್ಟು ಅವರಿಗೂ ಬೀಳುತ್ತದೆ. ಕ್ರೆಡಿಟ್ ಕಾರ್ಡ್ ಬಾಕಿ ತಪ್ಪಿದರೆ ದಂಡ, ಬಡ್ಡಿ, ಫೋನ್ ಕಾಟ ಇರುತ್ತದೆ, ಸಾಲದ ದಾಖಲೆ ಕೆಡುತ್ತದೆ. ಆದರೆ ತಲೆಯ ಮೇಲಿನ ಸೂರು ತಕ್ಷಣ ಹೋಗುವುದಿಲ್ಲ. ಜಾಸ್ತಿ ಫೋನ್ ಮಾಡುವವರಿಗೆ ಮೊದಲು ಕೊಟ್ಟು, ಸುಮ್ಮನಿರುವ ಮನೆ ಬಾಡಿಗೆಯನ್ನು ಬಾಕಿ ಉಳಿಸಿಕೊಳ್ಳುವುದು ತುಂಬಾ ಮನೆಗಳಲ್ಲಿ ನಡೆಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಗಂಟಲು ಜೋರು ಮಾಡಿದ ಮಾತ್ರಕ್ಕೆ ಆ ಸಾಲ ಮೊದಲ ಸಾಲ ಆಗುವುದಿಲ್ಲ.

ಮೂರು, ನಿಜವಾದ ಬಡ್ಡಿ. ತಿಂಗಳಿಗೆ 3% ಅಂದರೆ ಕಿವಿಗೆ ಕಡಿಮೆ ಅನ್ನಿಸುತ್ತದೆ. ಬಡ್ಡಿಗೆ ಬಡ್ಡಿ ಸೇರಿ ಅದು ವರ್ಷಕ್ಕೆ ಸುಮಾರು 42.6% ಆಗುತ್ತದೆ. ಇನ್ನೊಂದು ಕಣ್ಣುಕಟ್ಟು ಫ್ಲಾಟ್ ದರದ್ದು. ಒಂದು ಲಕ್ಷವನ್ನು 10% ಫ್ಲಾಟ್ ದರದಲ್ಲಿ ಮೂರು ವರ್ಷಕ್ಕೆ ತೆಗೆದುಕೊಂಡರೆ ಒಟ್ಟು 1,30,000 ಕಟ್ಟುತ್ತೀರಿ, ತಿಂಗಳಿಗೆ ಸುಮಾರು 3,611. ಅಸಲು ಪ್ರತಿ ತಿಂಗಳೂ ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಒಂದು ಲಕ್ಷದ ಮೇಲೆಯೇ ಬೀಳುತ್ತಿರುತ್ತದೆ. ಉಳಿದ ಅಸಲಿನ ಮೇಲಷ್ಟೇ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು 18%ಕ್ಕೆ ಸಮ. ಹಾಗಾಗಿ ಎರಡು ಸಾಲ ಹೋಲಿಸುವಾಗ ಎರಡನ್ನೂ ಇಳಿಯುವ ಅಸಲಿನ ಲೆಕ್ಕಕ್ಕೆ ತಂದುಕೊಂಡೇ ಹೋಲಿಸಿ.

ನಾಲ್ಕು, ತಿಂಗಳ ಉಸಿರು. ಈ ದಾರಿ ಹಿಡಿದರೆ ಮುಂದಿನ ತಿಂಗಳು ಕೈಯಲ್ಲಿ ಎಷ್ಟು ಉಳಿಯುತ್ತದೆ? ಹತ್ತು ವರ್ಷದಲ್ಲಿ ತುಂಬಾ ಉಳಿಸುವ ಉಪಾಯವೇ ಮುಂದಿನ ತಿಂಗಳ ದಿನಸಿಗೆ ಸಾಲ ಮಾಡುವ ಹಾಗೆ ಮಾಡಿದರೆ ಅದು ನಿಮ್ಮ ಉಪಾಯ ಅಲ್ಲ.

ಖರ್ಚಿನ ಲೆಕ್ಕ: ಯಾವ ಪದ್ಧತಿ?

ಸಾಲಕ್ಕೆ ಎಷ್ಟು ಕಟ್ಟಬಹುದು ಅಂತ ತಿಳಿಯಬೇಕಾದರೆ ಮನೆ ನಡೆಯಲು ಎಷ್ಟು ಬೇಕು ಅಂತ ಮೊದಲು ಗೊತ್ತಿರಬೇಕು. ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಕೂತುಕೊಳ್ಳಿ. ನಾವು ಪ್ರಿಂಟ್ ತೆಗೆದು ನೆಲದ ಮೇಲೆ ಹರಡಿಕೊಂಡು ಕೂತಿದ್ದೆವು. ಬಿಡಲಾಗದ್ದಕ್ಕೆ ಕೆಂಪು ಗೆರೆ, ಇಳಿಸಬಹುದಾದ್ದಕ್ಕೆ ನೀಲಿ. ಎರಡನೇ ಹಾಳೆಯ ಹೊತ್ತಿಗೆ, ಯಾರೂ ತೆರೆದೇ ನೋಡದ ಎರಡು ಆ್ಯಪ್‌ಗಳಿಗೆ ತಿಂಗಳು ತಿಂಗಳೂ ದುಡ್ಡು ಹೋಗುತ್ತಿರುವುದು ಕಂಡಿತು. ಮೊತ್ತ ಚಿಕ್ಕದು. ಆದರೆ ಆ ದಿನ ಮೊದಲ ಸಲ ಇಬ್ಬರಿಗೂ ಏನೋ ಕೈಗೆ ಸಿಕ್ಕ ಹಾಗಾಯಿತು.

ಬಹಳ ಜನ ಹೇಳುವ ಶೇಕಡಾವಾರು ಪದ್ಧತಿ ಇದೆಯಲ್ಲ, ಅಗತ್ಯಕ್ಕೆ 50%, ಇಷ್ಟಕ್ಕೆ 30%, ಉಳಿತಾಯ ಮತ್ತು ಸಾಲಕ್ಕೆ 20%, ಅದು ಆದಾಯ ಸ್ಥಿರವಾಗಿರುವ ಮನೆಗೆ ಸುಲಭದ ಅಳತೆ. ಇಳಿದ ಆದಾಯಕ್ಕೆ ಅದು ಕೂರುವುದಿಲ್ಲ. 100 ಬರುತ್ತಿದ್ದಾಗ 50 ಅಗತ್ಯಕ್ಕೆ ಹೋಗುತ್ತಿತ್ತು ಅನ್ನಿ. ಆದಾಯ 65ಕ್ಕೆ ಇಳಿದರೂ ಬಾಡಿಗೆ, ಕರೆಂಟು, ಔಷಧಿ ಇಳಿಯುವುದಿಲ್ಲ. ಅದೇ 50 ಈಗ ಆದಾಯದ 77% ಆಯಿತು. ಲೆಕ್ಕ ತಪ್ಪಿತು ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಇಲ್ಲಿ ತಪ್ಪಿರುವುದು ಅಳತೆ.

ಇಂಥ ಹೊತ್ತಿಗೆ ನನಗೆ ಹೊಂದಿದ್ದು ಸೊನ್ನೆಗೆ ತರುವ ಲೆಕ್ಕ. ಬರುವ ಪ್ರತಿ ಪೈಸೆಗೂ ತಿಂಗಳು ಶುರುವಾಗುವ ಮೊದಲೇ ಒಂದು ಕೆಲಸ ಹೇಳಿಬಿಡುವುದು, ಕೊನೆಗೆ ಉಳಿಕೆ ಸೊನ್ನೆ ಬರುವ ತನಕ. ಇದಕ್ಕೆ ತಿಂಗಳಿಗೆ ಒಂದೆರಡು ಗಂಟೆ ಬೇಕು, ಮನೆಯವರೆಲ್ಲ ಕೂತು ಮಾತಾಡಬೇಕು. ಅಷ್ಟು ತಾಳ್ಮೆ ಇಲ್ಲದವರಿಗೆ, ಕಾರ್ಡ್ ಉಜ್ಜಿದರೆ ಕೈ ತಡೆಯದವರಿಗೆ ಕವರ್ ಪದ್ಧತಿ ಒಳ್ಳೆಯದು. ದಿನಸಿಗೆ ಒಂದು ಕವರ್, ಓಡಾಟಕ್ಕೆ ಒಂದು, ಚಿಲ್ಲರೆ ಖರ್ಚಿಗೆ ಒಂದು. ಕವರ್ ಖಾಲಿಯಾದರೆ ಖರ್ಚು ನಿಂತಿತು. ಇದರ ಕೊರತೆ ಏನೆಂದರೆ ಆನ್‌ಲೈನ್‌ನಲ್ಲಿ ಕಟ್ಟುವ ಬಿಲ್ಲುಗಳಿಗೆ ಇದು ಹೊಂದುವುದಿಲ್ಲ. ನಾವು ಎರಡನ್ನೂ ಬೆರೆಸಿಕೊಂಡೆವು: ಬಿಲ್ಲು, ಕಂತುಗಳಿಗೆ ಸೊನ್ನೆ ಲೆಕ್ಕ, ದಿನದ ಖರ್ಚಿಗೆ ಕವರ್.

ಆದಾಯ ತಿಂಗಳಿಂದ ತಿಂಗಳಿಗೆ ಏರಿಳಿಯುವವರು ಸರಾಸರಿಯನ್ನು ನಂಬಬೇಡಿ. ಹೋದ ವರ್ಷದ ಅತಿ ಕಡಿಮೆ ತಿಂಗಳನ್ನೇ ಸಂಬಳ ಅಂದುಕೊಂಡು ಲೆಕ್ಕ ಹಾಕಿ. ಅದಕ್ಕಿಂತ ಜಾಸ್ತಿ ಬಂದದ್ದು ಮುಂದಿನ ಬಡ ತಿಂಗಳಿಗೆ. ಹಾಗೆಯೇ ಶಾಲೆ ಫೀಸು, ವಿಮೆ ಕಂತು, ವಾಹನದ ರಿಪೇರಿ ಇಂಥ ವರ್ಷಕ್ಕೊಮ್ಮೆ ಬರುವ ಖರ್ಚನ್ನು 12ರಿಂದ ಭಾಗಿಸಿ ಪ್ರತಿ ತಿಂಗಳೂ ಎತ್ತಿಡಿ. ಹೊಸ ಸಾಲ ಹುಟ್ಟುವ ಜಾಗ ಬಹುತೇಕ ಇದೇ.

ಉಳಿತಾಯ ಮುರಿದು ಸಾಲ ತೀರಿಸುವುದೋ, ಇಟ್ಟುಕೊಳ್ಳುವುದೋ?

ಲೆಕ್ಕದ ಪ್ರಕಾರ ಉತ್ತರ ಸುಲಭ. ಉಳಿತಾಯಕ್ಕೆ ವರ್ಷಕ್ಕೆ 5% ಬರುತ್ತಾ ಕಾರ್ಡಿಗೆ 40% ಹೋಗುತ್ತಿದ್ದರೆ ಮುರಿದು ಕಟ್ಟುವುದೇ ಲಾಭ. ಆದರೆ ಪೂರ್ತಿ ಮುರಿದ ಮರುದಿನ ಯಾರಾದರೂ ಆಸ್ಪತ್ರೆ ಸೇರಿದರೆ? ತೀರಿಸಿದ ಕಾರ್ಡನ್ನೇ ಮತ್ತೆ ಉಜ್ಜಬೇಕು. ಆದಾಯ ಇಳಿದಿರುವಾಗ ಹೊಸ ಸಾಲ ಸಿಗುವುದೂ ಕಷ್ಟ, ಸಿಕ್ಕರೂ ದುಬಾರಿ. ಹಾಗಾಗಿ ಕನಿಷ್ಠ ಒಂದು ತಿಂಗಳ ಮನೆ ಖರ್ಚು ಪಕ್ಕಕ್ಕಿಟ್ಟು, ಉಳಿದದ್ದನ್ನು ದುಬಾರಿ ಸಾಲಕ್ಕೆ ಹಾಕಿ. ಆದಾಯವೇ ಅನಿಶ್ಚಿತ ಅನ್ನುವವರು ಎರಡು ಮೂರು ತಿಂಗಳಿನದು ಇಟ್ಟುಕೊಳ್ಳಿ. ಅದಕ್ಕಾಗಿ ಸ್ವಲ್ಪ ಬಡ್ಡಿ ಹೆಚ್ಚು ಹೋದರೂ ಹೋಗಲಿ. ನಿವೃತ್ತಿಗೆ ಅಂತ ಇಟ್ಟ ದುಡ್ಡನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಮುಟ್ಟಿ. ಆ ವಯಸ್ಸಿನಲ್ಲಿ ಮತ್ತೆ ಕೂಡಿಡಲು ಸಮಯ ಇರುವುದಿಲ್ಲ.

ಯಾವ ಸಾಲ ಮೊದಲು?

ಎಲ್ಲ ಕಂತಿನ ಕನಿಷ್ಠ ಕಟ್ಟಿದ ಮೇಲೂ ಸ್ವಲ್ಪ ಉಳಿಯುತ್ತದೆ ಅನ್ನುವವರಿಗೆ ಈ ಪ್ರಶ್ನೆ. ಏನೂ ಉಳಿಯದವರು ಮುಂದಿನ ಭಾಗಕ್ಕೆ ಹೋಗಿ.

ಹೆಚ್ಚು ಬಡ್ಡಿಯ ಸಾಲಕ್ಕೆ ಮೊದಲು ಸುರಿಯುವುದು ಒಂದು ದಾರಿ. ಒಟ್ಟು ಬಡ್ಡಿ ಅತಿ ಕಡಿಮೆ ಹೋಗುವುದು ಇದರಲ್ಲೇ. ತಿಂಗಳಿಗೆ 3% ಇರುವ ಸಾಲಕ್ಕೆ ಹೆಚ್ಚುವರಿ 1,000 ಹಾಕಿದರೆ ಮುಂದಿನ ತಿಂಗಳಿಂದ 30 ಬಡ್ಡಿ ಉಳಿಯುತ್ತದೆ, 1% ಸಾಲಕ್ಕೆ ಹಾಕಿದರೆ ಬರೀ 10. ಆದರೆ ದುಬಾರಿ ಸಾಲವೇ ದೊಡ್ಡ ಸಾಲವೂ ಆಗಿದ್ದರೆ ತಿಂಗಳುಗಟ್ಟಲೆ ಏನೂ ಮುಗಿದ ಹಾಗೆ ಕಾಣುವುದಿಲ್ಲ. ಮನಸ್ಸು ಸೋಲುತ್ತದೆ.

ಚಿಕ್ಕ ಸಾಲವನ್ನು ಮೊದಲು ಮುಗಿಸುವುದು ಇನ್ನೊಂದು. ಬಡ್ಡಿ ಸ್ವಲ್ಪ ಜಾಸ್ತಿ ಹೋದೀತು, ಆದರೆ ಒಂದೊಂದೇ ಹೆಸರು ಪಟ್ಟಿಯಿಂದ ಹೊಡೆದುಹೋಗುವುದನ್ನು ನೋಡುವುದರಲ್ಲಿ ಬಲ ಇದೆ. ಅರ್ಧಕ್ಕೇ ಕೈಬಿಡುವ ಸ್ವಭಾವದವರಿಗೆ ನಾನು ಇದನ್ನೇ ಹೇಳುತ್ತೇನೆ. ಕೊನೆ ಮುಟ್ಟಿದ ದುಬಾರಿ ದಾರಿ, ನಡುವೆ ಬಿಟ್ಟ ಅಗ್ಗದ ದಾರಿಗಿಂತ ಮೇಲು.

ಮೂರನೆಯದು ಕಡಿಮೆ ಜನಕ್ಕೆ ಗೊತ್ತು. ಆದಾಯ ಇಳಿದವರಿಗೆ ಬಹಳ ಸಲ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಪ್ರತಿ ಸಾಲದ ಬಾಕಿಯನ್ನು ಅದರ ತಿಂಗಳ ಕಂತಿನಿಂದ ಭಾಗಿಸಿ. 12,000 ಬಾಕಿ, 2,000 ಕಂತು ಇದ್ದರೆ 6 ಬಂತು. 40,000 ಬಾಕಿ, ಕಂತು ಅದೇ 2,000 ಇದ್ದರೆ 20. ಯಾವುದರ ಅಂಕೆ ಕಡಿಮೆಯೋ ಅದನ್ನು ಮೊದಲು ತೀರಿಸಿ. 12,000 ಹಾಕಿದ ತಕ್ಷಣ ಪ್ರತಿ ತಿಂಗಳೂ 2,000 ನಿಮ್ಮ ಕೈಗೆ ಮರಳಿತು. ಅದೇ 12,000ವನ್ನು ದೊಡ್ಡ ಸಾಲಕ್ಕೆ ಹಾಕಿದ್ದರೆ ಅಸಲು ಇಳಿಯುತ್ತಿತ್ತು, ಬಡ್ಡಿ ಉಳಿಯುತ್ತಿತ್ತು, ಆದರೆ ಮುಂದಿನ ತಿಂಗಳ ಕಂತು ಅಷ್ಟೇ ಇರುತ್ತಿತ್ತು. ತಿಂಗಳ ಕೊನೆಯ ವಾರ ನೂಕುವುದೇ ಕಷ್ಟ ಅನ್ನುವವರು ಹೀಗೆ ಮಾಡಿ, ಸ್ವಲ್ಪ ಉಸಿರು ಸಿಕ್ಕ ಮೇಲೆ ಹೆಚ್ಚು ಬಡ್ಡಿಯ ದಾರಿಗೆ ಹೊರಳಿ.

ಈ ಮೂರರಲ್ಲಿ ಯಾವುದನ್ನಾದರೂ ಹಿಡಿಯಿರಿ, ಕಾರ್ಡಿನ ಕನಿಷ್ಠ ಮೊತ್ತ ಕಟ್ಟುತ್ತಾ ಕೂರುವುದನ್ನು ಮಾತ್ರ ಒಂದು ದಾರಿ ಅಂದುಕೊಳ್ಳಬೇಡಿ. ತಿಂಗಳಿಗೆ 3% ಬಡ್ಡಿ, ಕನಿಷ್ಠ 5% ಕಟ್ಟುವ ಲೆಕ್ಕದಲ್ಲಿ, ಹೊಸದಾಗಿ ಏನೂ ಕೊಳ್ಳದಿದ್ದರೂ ಒಂದು ವರ್ಷದ ಮೇಲೆ 77% ಬಾಕಿ ಹಾಗೇ ಇರುತ್ತದೆ. ಅರ್ಧಕ್ಕೆ ಇಳಿಯಲು ಸುಮಾರು 32 ತಿಂಗಳು ಬೇಕು.

ಕಂತೇ ಕಟ್ಟಲಾಗದಿದ್ದರೆ

ಮೊದಲ ಕೆಲಸ ಒಂದೇ. ಕಂತು ತಪ್ಪುವ ಮೊದಲು ಫೋನ್ ಮಾಡಿ. ತಪ್ಪಿದ ಮೇಲೆ ಮಾತಾಡುವವರ ಧಾಟಿಯೇ ಬೇರೆ ಆಗಿರುತ್ತದೆ. ನಾನು ಫೋನ್ ಮಾಡಿದ ದಿನ ಮುಂದೆ ಒಂದು ಹಾಳೆ ಇಟ್ಟುಕೊಂಡಿದ್ದೆ. ಅದರಲ್ಲಿ ನಾಲ್ಕೇ ಸಾಲು: ಸಾಲದ ನಂಬರ್, ಆದಾಯ ಯಾವಾಗಿಂದ ಎಷ್ಟು ಇಳಿದಿದೆ, ಮನೆ ಖರ್ಚು ಕಳೆದು ಎಷ್ಟು ಕಟ್ಟಬಲ್ಲೆ, ಎಷ್ಟು ತಿಂಗಳಿಗೆ. ಮೊದಲ ಸಲ ಫೋನ್ ಎತ್ತಿದವರು "ನಮ್ಮಲ್ಲಿ ಅಂಥದ್ದೇನೂ ಇಲ್ಲ" ಅಂದರು. ಎರಡು ದಿನ ಬಿಟ್ಟು ಅದೇ ನಾಲ್ಕು ಸಾಲು ಬರೆದು ಕಳಿಸಿದೆ. ಆಗ ಬೇರೆಯವರು ಮಾತಾಡಿದರು, ಅವಧಿ ಹೆಚ್ಚಿಸಲು ಒಪ್ಪಿದರು. ಹಾಗಾಗಿ ಬಾಯಿಮಾತಿಗೆ ನಿಲ್ಲಬೇಡಿ. ಕೇಳಿದ್ದನ್ನೂ ಬರೆದು ಕೇಳಿ, ಒಪ್ಪಿದ್ದನ್ನೂ ಬರೆಸಿಕೊಳ್ಳಿ. ಮತ್ತೆ, ನಿಮ್ಮಿಂದ ಆಗದ ಮೊತ್ತಕ್ಕೆ ಸಂಕೋಚದಿಂದ ಹೂಂ ಅನ್ನಬೇಡಿ. ಒಪ್ಪಿ ತಪ್ಪಿಸಿದರೆ ಮುಂದಿನ ಮಾತಿಗೆ ಬೆಲೆ ಇರುವುದಿಲ್ಲ.

ಅವರು ಮುಂದಿಡುವ ದಾರಿಗಳಲ್ಲಿ ಕಂತಿಗೆ ಬಿಡುವು ಒಂದು. ಮೂರು ತಿಂಗಳು ಕಟ್ಟಬೇಡಿ ಅನ್ನುತ್ತಾರೆ, ಆದರೆ ಸಾಮಾನ್ಯವಾಗಿ ಬಡ್ಡಿ ಓಡುತ್ತಲೇ ಇರುತ್ತದೆ. ತಿಂಗಳಿಗೆ 1% ಆದರೆ ಒಂದು ಲಕ್ಷ ಮೂರು ತಿಂಗಳಲ್ಲಿ 1,03,030 ಆಗುತ್ತದೆ. ಕೆಲಸಕ್ಕೆ ಸೇರುವ ದಿನ ಗೊತ್ತಿರುವವರಿಗೆ ಇದು ನ್ಯಾಯವಾದ ಬೆಲೆ. ಆದಾಯ ಮರಳದವರಿಗೆ ಇದು ಮೂರು ತಿಂಗಳು ಮುಂದೂಡಿದ, ಸ್ವಲ್ಪ ದಪ್ಪಗಾದ ಅದೇ ಕಷ್ಟ. ಬಡ್ಡಿಯನ್ನಾದರೂ ಕಟ್ಟುತ್ತೇನೆ, ಅಸಲಿಗೆ ಮಾತ್ರ ಬಿಡುವು ಕೊಡಿ ಅಂತ ಕೇಳಿ ನೋಡಿ. ಆಗ ಸಾಲ ಬೆಳೆಯುವುದಿಲ್ಲ.

ಅವಧಿ ಹೆಚ್ಚಿಸುವುದು ಇನ್ನೊಂದು. ವರ್ಷಕ್ಕೆ 12%ರ ಒಂದು ಲಕ್ಷದ ಸಾಲಕ್ಕೆ 36 ತಿಂಗಳಾದರೆ ಕಂತು 3,321, ಒಟ್ಟು ಬಡ್ಡಿ ಸುಮಾರು 19,570. ಅದನ್ನೇ 60 ತಿಂಗಳು ಮಾಡಿದರೆ ಕಂತು 2,224ಕ್ಕೆ ಇಳಿಯುತ್ತದೆ, ಬಡ್ಡಿ ಸುಮಾರು 33,470ಕ್ಕೆ ಏರುತ್ತದೆ. ತಿಂಗಳಿಗೆ ಸುಮಾರು 1,100ರ ಉಸಿರಿಗೆ 13,900 ಹೆಚ್ಚು ಕೊಟ್ಟ ಹಾಗೆ. ಆದಾಯ ಕಾಯಂ ಇಳಿದವರಿಗೆ ನಾನು ಇದನ್ನು ತಪ್ಪು ಅನ್ನುವುದಿಲ್ಲ. ಮುಂಚಿತವಾಗಿ ತೀರಿಸಿದರೆ ದಂಡ ಇದೆಯಾ ಅಂತ ಮಾತ್ರ ಈಗಲೇ ಕೇಳಿಟ್ಟುಕೊಳ್ಳಿ. ದಂಡ ಇಲ್ಲದಿದ್ದರೆ ಕೈ ಸಡಿಲವಾದಾಗ ಜಾಸ್ತಿ ಕಟ್ಟಿ ಮೊದಲೇ ಮುಗಿಸಬಹುದು.

ಎಲ್ಲವನ್ನೂ ಸೇರಿಸಿ ಒಂದೇ ಸಾಲ ಮಾಡುವುದು ಕೇಳಲು ಹಿತ. ಒಂದೇ ದಿನಾಂಕ, ಒಂದೇ ಕಂತು. ಹೊಸ ಬಡ್ಡಿ ನಿಜವಾಗಿ ಕಡಿಮೆ ಇದ್ದು, ಅವಧಿ ಬಹಳ ಉದ್ದ ಆಗದೆ, ಶುಲ್ಕವೆಲ್ಲ ಸೇರಿಸಿದರೂ ಒಟ್ಟು ಕಟ್ಟುವುದು ಕಡಿಮೆ ಆದರೆ ಮಾಡಿಕೊಳ್ಳಿ. ಆದರೆ ಖಾಲಿಯಾದ ಕಾರ್ಡುಗಳು ಜೇಬಿನಲ್ಲೇ ಇರುತ್ತವೆ, ಅಲ್ವಾ? ಅವನ್ನು ಅದೇ ವಾರ ಮುಚ್ಚಿಸದಿದ್ದರೆ ಒಂದು ವರ್ಷದಲ್ಲಿ ಹೊಸ ಸಾಲವೂ ಇರುತ್ತದೆ, ಕಾರ್ಡಿನ ಬಾಕಿಯೂ ಇರುತ್ತದೆ. ಇನ್ನು ಕಾರ್ಡ್ ಸಾಲ ತೀರಿಸಲು ಮನೆ ಅಡ ಇಡುವುದು. ಬಡ್ಡಿ ತುಂಬಾ ಇಳಿಯುತ್ತದೆ, ಒಪ್ಪಿದೆ. ಆದರೆ ಇಲ್ಲಿಯವರೆಗೆ ಮನೆಗೆ ಸಂಬಂಧವೇ ಇಲ್ಲದ ಸಾಲಕ್ಕೆ ಈಗ ಮನೆಯನ್ನು ಪಣಕ್ಕಿಟ್ಟಿರಿ. ಆದಾಯ ಇನ್ನೂ ಅಲ್ಲಾಡುತ್ತಿರುವಾಗ ನಾನಂತೂ ಇದನ್ನು ಬೇಡ ಅನ್ನುತ್ತೇನೆ.

ನೆಂಟರ ಹತ್ತಿರ ಕೈಸಾಲ ಕೇಳುವುದರಲ್ಲಿ ಬಡ್ಡಿ ಇರಲಿಕ್ಕಿಲ್ಲ, ಸಂಬಂಧ ಇರುತ್ತದೆ. ಕೊಟ್ಟವರು ಕೇಳದಿದ್ದರೂ ಮೊತ್ತ, ಮರಳಿಸುವ ದಿನ ಎರಡನ್ನೂ ಚೀಟಿಯಲ್ಲಿ ಬರೆದು ಕೊಡಿ. ಆ ದಿನ ಆಗದಿದ್ದರೆ ಅವರು ಫೋನ್ ಮಾಡುವ ಮೊದಲು ನೀವೇ ಮಾಡಿ.

ಆಸ್ತಿ ಮಾರುವುದನ್ನು ಬಹಳ ಜನ ಕೊನೆಗೆ ಇಟ್ಟುಕೊಳ್ಳುತ್ತಾರೆ. ಕಾಯಂ ಇಳಿದ ಆದಾಯಕ್ಕೆ ಅದು ಮೊದಲಿಗೇ ಬರಬೇಕು ಅಂತ ನನ್ನ ಅನಿಸಿಕೆ. ಎರಡನೇ ವಾಹನವನ್ನೇ ತೆಗೆದುಕೊಳ್ಳಿ. ಮಾರಿದರೆ ಕಂತು ನಿಲ್ಲುವುದಷ್ಟೇ ಅಲ್ಲ. ವಿಮೆ, ಇಂಧನ, ರಿಪೇರಿ, ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ನೀವೇ ತೀರ್ಮಾನಿಸಿ ಎರಡು ತಿಂಗಳು ಕಾದು ಮಾರಿದರೆ ಬರುವ ಬೆಲೆಯೇ ಬೇರೆ, ಸಾಲ ಕೊಟ್ಟವರು ಎಳೆದುಕೊಂಡು ಹೋಗಿ ಹರಾಜು ಹಾಕಿದರೆ ಬರುವ ಬೆಲೆಯೇ ಬೇರೆ. ಮಾರುವ ಮೊದಲು ಒಂದನ್ನು ನೋಡಿಕೊಳ್ಳಿ: ಮಾರಿ ಬರುವುದು ಸಾಲದ ಬಾಕಿಗಿಂತ ಕಡಿಮೆ ಇದ್ದರೆ ಆ ವ್ಯತ್ಯಾಸವನ್ನು ಎಲ್ಲಿಂದ ತುಂಬುತ್ತೀರಿ?

ಬಾಕಿಗಿಂತ ಕಡಿಮೆ ಮೊತ್ತಕ್ಕೆ ಒಪ್ಪಿಸಿ ಸಾಲ ಮುಗಿಸುವ ಸೆಟಲ್‌ಮೆಂಟ್, ಅದೂ ಆಗದಿದ್ದರೆ ಕಾನೂನಿನ ಪ್ರಕಾರ ದಿವಾಳಿ ಅಂತ ಘೋಷಿಸಿಕೊಳ್ಳುವುದು, ಇವು ನಿಜಕ್ಕೂ ಬೇರೆ ದಾರಿ ಇಲ್ಲದವರಿಗೆ. ಸೆಟಲ್‌ಮೆಂಟ್‌ಗೆ ಸಾಮಾನ್ಯವಾಗಿ ಒಟ್ಟಿಗೆ ಒಂದು ಮೊತ್ತ ಬೇಕಾಗುತ್ತದೆ. ಸಾಲದ ದಾಖಲೆಯಲ್ಲಿ ಕಲೆ ವರ್ಷಗಳ ಕಾಲ ಉಳಿಯುತ್ತದೆ. ಕೆಲವು ದೇಶಗಳಲ್ಲಿ ಮನ್ನಾ ಆದ ಮೊತ್ತವನ್ನು ಆದಾಯ ಅಂತ ಎಣಿಸಿ ತೆರಿಗೆಯನ್ನೂ ಹಾಕುತ್ತಾರೆ. "ಇನ್ನು ಬಾಕಿ ಏನೂ ಇಲ್ಲ" ಅನ್ನುವ ಪತ್ರ ಕೈಗೆ ಬರುವುದು ಖಾತ್ರಿ ಆಗದೆ ದುಡ್ಡು ಕಟ್ಟಬೇಡಿ. ಸಾಲ ಮನ್ನಾ ಮಾಡಿಸಿಕೊಡುತ್ತೇವೆ, ಮೊದಲು ಫೀಸು ಕೊಡಿ ಅನ್ನುವವರನ್ನು ದೂರ ಇಡಿ. ಲಾಭಕ್ಕಲ್ಲದೆ ಸಾಲದ ಸಲಹೆ ಕೊಡುವ ಸಂಸ್ಥೆಗಳು ಎಷ್ಟೋ ದೇಶಗಳಲ್ಲಿವೆ, ಅಂಥವರನ್ನು ಹುಡುಕಿ. ಈ ಹಂತಕ್ಕೆ ಬಂದವರು ತಪ್ಪಿತಸ್ಥರಲ್ಲ. ಆ ಕಾನೂನು ಇರುವುದೇ ಇಂಥ ದಿನಕ್ಕೆ.

ಹಾಗಾದರೆ ನೀವು?

ಆದಾಯ ಮರಳುವ ದಿನ ಗೊತ್ತಿದ್ದರೆ ಉಳಿತಾಯವನ್ನು ಕಾಪಾಡಿಕೊಳ್ಳಿ, ಅಸಲಿಗೆ ಬಿಡುವು ಕೇಳಿ, ಕಾರ್ಡ್ ಮುಟ್ಟಬೇಡಿ. ಈ ಹೊತ್ತಿಗೆ ಆಸ್ತಿ ಮಾರುವ ಅವಸರ ಬೇಡ.

ಆದಾಯ ಇನ್ನು ಇಷ್ಟೇ ಅಂತ ಗೊತ್ತಿದ್ದರೆ ಬಿಡುವು ಕೇಳಿ ಸಮಯ ಕಳೆಯಬೇಡಿ. ಮಾರಬಹುದಾದ್ದನ್ನು ಮಾರಿ ಸಾಲ ಇಳಿಸಿ, ಉಳಿದದ್ದರ ಅವಧಿ ಹೆಚ್ಚಿಸಿಕೊಳ್ಳಿ. ಬಾಡಿಗೆಯೇ ಆದಾಯದ ಅರ್ಧ ನುಂಗುತ್ತಿದ್ದರೆ ಚಿಕ್ಕ ಮನೆಗೆ ಹೋಗುವ ಮಾತನ್ನು ಈ ತಿಂಗಳೇ ಎತ್ತಿ. ಹತ್ತು ಚಿಕ್ಕ ಖರ್ಚು ಬಿಟ್ಟು ಮನೆಯವರೆಲ್ಲ ಮುಖ ಬಾಡಿಸಿಕೊಂಡು ಕೂರುವುದಕ್ಕಿಂತ ಒಂದು ದೊಡ್ಡ ಖರ್ಚು ಇಳಿಸುವುದು ತಾಳಿಕೊಳ್ಳಲು ಸುಲಭ.

ಏನೂ ಗೊತ್ತಿಲ್ಲ, ಕೆಲಸ ಹುಡುಕುತ್ತಿದ್ದೇನೆ ಅನ್ನುವವರೇ ಜಾಸ್ತಿ. ನೀವು ಒಂದು ದಿನಾಂಕ ಇಟ್ಟುಕೊಳ್ಳಿ. ಕೈಯಲ್ಲಿರುವ ಉಳಿತಾಯ ಎಷ್ಟು ತಿಂಗಳು ಬರುತ್ತದೆ ಅಂತ ಲೆಕ್ಕ ಹಾಕಿ, ಅದರ ಅರ್ಧಕ್ಕೆ ಬೀಳುವ ದಿನವನ್ನು ಆರಿಸಿ. ಆರು ತಿಂಗಳು ಬರುವುದಾದರೆ ಮೂರನೇ ತಿಂಗಳ ಕೊನೆ. ಅಲ್ಲಿಯವರೆಗೆ ತಾತ್ಕಾಲಿಕ ಅಂತಲೇ ನಡೆದುಕೊಳ್ಳಿ. ಆ ದಿನಕ್ಕೂ ಆದಾಯ ಮರಳಿರದಿದ್ದರೆ, ಕಾಯಂ ಇಳಿದಿದೆ ಅಂತ ಭಾವಿಸಿ ಮಾರುವ, ಅವಧಿ ಹೆಚ್ಚಿಸುವ ಕೆಲಸ ಶುರು ಮಾಡಿ. ಇನ್ನೂ ಅರ್ಧ ಉಳಿತಾಯ ಕೈಯಲ್ಲಿರುವುದರಿಂದ ಆಗ ಅವಸರದ ಬೆಲೆಗೆ ಏನನ್ನೂ ಬಿಟ್ಟುಕೊಡಬೇಕಾಗುವುದಿಲ್ಲ. ಆ ದಿನಾಂಕವನ್ನು ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯವರಿಗೆ ತೋರಿಸಿ.